ಹತ್ತನೇ ಕ್ಲಾಸಿಗೇ ಹಸಿವು ಮುಗಿಯುತ್ತದೆಯೇ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಹಳ್ಳಿಗಳಲ್ಲಿ ಪಾಸಾದ ಮಕ್ಕಳ ಬಾಯಿಗೆ ಸಕ್ಕರೆ ಹಾಕುತ್ತೇವೆ. ಅದೇ ದಿನ ಆ ಮಕ್ಕಳ ಕೈಯಿಂದ ಒಂದು ತಟ್ಟೆ ಊಟ ತಪ್ಪಿ ಹೋಗಿರುತ್ತದೆ. ಅದು ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ ಮಧ್ಯಾಹ್ನ ಬಿಸಿಯೂಟ ಇದೆ. 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶ ಮಾಡಿತು. 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಆಮೇಲೆ ಇಡೀ ರಾಜ್ಯಕ್ಕೆ ಹರಡಿತು. ಕೇಂದ್ರದ ಯೋಜನೆ ಎಂಟನೇ ತರಗತಿಗೇ ನಿಲ್ಲುತ್ತದೆ. ಒಂಬತ್ತು ಮತ್ತು ಹತ್ತಕ್ಕೆ ನಮ್ಮ ರಾಜ್ಯ ತನ್ನ ಖರ್ಚಿನಲ್ಲಿ ಊಟ ಹಾಕುತ್ತಿದೆ. 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು, ಆಮೇಲೆ ಮೊಟ್ಟೆ ಬಂತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಬಂತು. ಇದು ಒಳ್ಳೆಯ ಕೆಲಸ. ಇದನ್ನು ತಿಂದು ಬೆಳೆದವರು ನಮ್ಮಲ್ಲೂ ಇದ್ದಾರೆ, ಆ ಅನ್ನದ ಋಣ ನಮ್ಮ ಮೇಲಿದೆ.

ಆದರೆ ಮಾರ್ಚ್ ತಿಂಗಳಲ್ಲಿ ಹತ್ತನೇ ಕ್ಲಾಸಿನಲ್ಲಿ ಕೂತು ಉಂಡ ಹುಡುಗಿ ಜೂನ್ ತಿಂಗಳಲ್ಲಿ ಫಸ್ಟ್ ಪಿಯು ಸೇರಿದಾಗ ಅವಳ ತಟ್ಟೆ ಇರುವುದಿಲ್ಲ. ವಯಸ್ಸು ಹದಿನಾರು. ಇನ್ನೂ ಬೆಳೆಯುವ ಮೈ. ಮೊದಲಿಗಿಂತ ದೂರದ ಕಾಲೇಜು, ಮೊದಲಿಗಿಂತ ಕಷ್ಟದ ಓದು. ಹಸಿವು ಮಾತ್ರ ಹತ್ತನೇ ಕ್ಲಾಸಿಗೇ ಮುಗಿದುಹೋಯಿತು ಎಂಬಂತೆ ವ್ಯವಸ್ಥೆ ನಡೆದುಕೊಳ್ಳುತ್ತದೆ.

ಇಂದಿನ ಹುಡುಗರು ಸರಿಯಾಗಿ ತಿನ್ನುವುದಿಲ್ಲ, ಮೈ ಬಗ್ಗಿಸುವುದಿಲ್ಲ, ಬರೀ ಗೋಬಿ, ಚಿಪ್ಸ್, ಮೊಬೈಲು ಎಂದು ಎಲ್ಲರೂ ಬೈಯುತ್ತಾರೆ. ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಯಾರೋ ಬಂದು ಪೌಷ್ಟಿಕ ಆಹಾರದ ಬಗ್ಗೆ ಭಾಷಣ ಮಾಡಿ ಹೋಗುತ್ತಾರೆ. ನಾವು ಹೇಳಬೇಕೆಂದಿರುವುದು ಇಷ್ಟೇ: ಮಕ್ಕಳಿಗೆ ಬುದ್ಧಿವಾದ ಸಾಕಷ್ಟಾಗಿದೆ. ಕೊರತೆ ಇರುವುದು ತಟ್ಟೆಗೆ, ಹೊತ್ತಿಗೆ, ಮೈದಾನಕ್ಕೆ. ಈ ಮೂರನ್ನು ಕೊಟ್ಟರೆ ಒಳ್ಳೆಯ ಅಭ್ಯಾಸ ತಾನಾಗಿ ಬರುತ್ತದೆ. ಕೊಡದೆ ಬರೀ ಬೈದರೆ ಬರುವುದಿಲ್ಲ.

ಬಸ್ಸಿನ ಹೊತ್ತು, ಹೊಟ್ಟೆಯ ಹೊತ್ತು

ಹಳ್ಳಿಯಿಂದ ತಾಲೂಕಿಗೆ ಹೋಗಿ ಓದುವ ಮಕ್ಕಳ ಒಂದು ದಿನ ಹೇಗಿರುತ್ತದೆ ನೋಡಿ.

ಕಾಲೇಜು ಶುರುವಾಗುವುದು ಒಂಬತ್ತೂವರೆಗೋ ಹತ್ತಕ್ಕೋ. ಊರಿಗೆ ಬರುವ ಬಸ್ಸು ಏಳಕ್ಕೋ ಏಳೂವರೆಗೋ. ಅದು ತಪ್ಪಿದರೆ ಮುಂದಿನದು ಹತ್ತು ಗಂಟೆಗೆ, ಇಲ್ಲವೇ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಹೆಣ್ಣುಮಕ್ಕಳ ಬಸ್ ಚಾರ್ಜಿನ ಚಿಂತೆ ಹೋಯಿತು. ಅದರಿಂದ ಕಾಲೇಜಿನ ಮೆಟ್ಟಿಲು ಹತ್ತಿದವರನ್ನು ನಾವೇ ನೋಡಿದ್ದೇವೆ. ಆದರೆ ಬಸ್ಸಿನ ಹೊತ್ತು ಬದಲಾಗಿಲ್ಲ.

ಏಳು ಗಂಟೆಗೆ ಬಸ್ಸೆಂದರೆ ಹುಡುಗಿ ಐದಕ್ಕೇ ಏಳಬೇಕು. ನೀರು, ಕಸ, ಮುಸುರೆ, ಹಸು ಇದ್ದರೆ ಹಸುವಿನ ಕೆಲಸ, ಇವೆಲ್ಲ ಮುಗಿಸಿ ಸ್ನಾನ ಮಾಡಿ ಓಡಬೇಕು. ಅಷ್ಟು ಹೊತ್ತಿಗೆ ಮನೆಯಲ್ಲಿ ಅಡುಗೆ ಆಗಿರುವುದಿಲ್ಲ. ಆಗಿದ್ದರೂ ಬೆಳಗ್ಗೆ ಆರೂವರೆಗೆ ಯಾರಿಗೆ ತಿನ್ನಲು ಮನಸ್ಸು ಬರುತ್ತದೆ? ಒಂದು ಲೋಟ ಟೀ, ಎರಡು ಬಿಸ್ಕತ್ತು. ಅಲ್ಲಿಗೆ ಬೆಳಗಿನ ತಿಂಡಿ ಮುಗಿಯಿತು.

ಮಧ್ಯಾಹ್ನ ಒಂದಕ್ಕೋ ಒಂದೂವರೆಗೋ ಬಿಡುವು. ಡಬ್ಬಿ ತಂದವರು ಯಾವುದೋ ಕೊಠಡಿಯ ಮೂಲೆಯಲ್ಲಿ, ಮರದ ಕೆಳಗೆ, ಮೆಟ್ಟಿಲ ಮೇಲೆ ಕೂತು ತಿನ್ನುತ್ತಾರೆ. ಡಬ್ಬಿ ಇಲ್ಲದವರು ಗೇಟಿನ ಹೊರಗೆ ಹೋಗುತ್ತಾರೆ. ಜೇಬಿನಲ್ಲಿ ಇಪ್ಪತ್ತು ರೂಪಾಯಿ. ಹೋಟೆಲಿನ ಊಟ ಅದಕ್ಕೆ ಸಿಗುವುದಿಲ್ಲ. ಸಿಗುವುದು ಬೇಕರಿಯ ಪಫ್ಸು, ಗಾಡಿಯ ಗೋಬಿ, ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ಟು, ಹತ್ತು ರೂಪಾಯಿಯ ಕೂಲ್‌ಡ್ರಿಂಕ್ಸು. ಸಂಜೆ ಐದಕ್ಕೆ ಬಸ್ಸು, ಆರೂವರೆಗೆ ಮನೆ. ಹಿಂದಿನ ರಾತ್ರಿ ಎಂಟಕ್ಕೆ ಉಂಡವರು ಮತ್ತೆ ಸರಿಯಾದ ಊಟ ಕಾಣುವುದು ಮರುದಿನ ರಾತ್ರಿ ಎಂಟಕ್ಕೆ. ಮಧ್ಯದ ಇಪ್ಪತ್ತನಾಲ್ಕು ಗಂಟೆ ಟೀ, ಬಿಸ್ಕತ್ತು, ಮೈದಾ, ಎಣ್ಣೆ, ಸಕ್ಕರೆಯಲ್ಲೇ ಕಳೆಯುತ್ತದೆ.

ಇದನ್ನು ಬಾಯಿಚಪಲ ಎಂದು ಕರೆಯುವುದು ಹೇಗೆ? ಇಪ್ಪತ್ತು ರೂಪಾಯಿಗೆ ಹೊಟ್ಟೆ ತುಂಬಿದಂತೆ ಅನ್ನಿಸುವುದು ಯಾವುದೋ ಅದನ್ನು ಆ ಮಕ್ಕಳು ಲೆಕ್ಕ ಹಾಕಿಯೇ ಕೊಳ್ಳುತ್ತಿದ್ದಾರೆ. ಅಂಗಡಿಯಲ್ಲಿ ಆ ದುಡ್ಡಿಗೆ ಬೇರೆ ಏನೂ ಇಟ್ಟಿಲ್ಲ.

ಮೈಯಲ್ಲಿ ರಕ್ತವಿಲ್ಲದೆ ಓದು ಹೇಗೆ?

ಇದರ ಫಲ ರಕ್ತದಲ್ಲಿ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರನ್ನು ತೆಗೆದುಕೊಂಡರೆ ಸುಮಾರು ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಒಂದು ಬೆಂಚಿನಲ್ಲಿ ಇಬ್ಬರು ಹುಡುಗಿಯರು ಕೂತಿದ್ದರೆ ಅವರಲ್ಲಿ ಒಬ್ಬಳಿಗಾದರೂ ಈ ತೊಂದರೆ ಇರಬಹುದು ಎಂದು ಇದರ ಅರ್ಥ.

ರಕ್ತಹೀನತೆ ನೋವು ಕೊಡುವ ಕಾಯಿಲೆಯಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಪಾಠಕ್ಕೆ ತೂಕಡಿಕೆ, ಓದಿದ್ದು ತಲೆಗೆ ಹತ್ತದಿರುವುದು, ತಲೆಸುತ್ತು, ಮುಟ್ಟಿನ ದಿನಗಳಲ್ಲಿ ಏಳಲಾಗದಷ್ಟು ಸುಸ್ತು. ಇದಕ್ಕೆ ನಾವು ಇಟ್ಟಿರುವ ಹೆಸರು ಸೋಮಾರಿತನ. ‘ಇವಳಿಗೆ ಓದಿನ ಮೇಲೆ ಗಮನವಿಲ್ಲ, ಮದುವೆ ಮಾಡಿಬಿಡೋಣ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಒಂದು ರಕ್ತ ಪರೀಕ್ಷೆ ಬಾಕಿ ಇರುತ್ತದೆ.

ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ, ಪ್ರಾಯದ ಗಂಡುಮಕ್ಕಳಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ. 10ರಿಂದ 19 ವರ್ಷದ ಮಕ್ಕಳಿಗೆ ವಾರಕ್ಕೊಂದರಂತೆ ಕಬ್ಬಿಣಾಂಶದ ನೀಲಿ ಮಾತ್ರೆಯೂ, ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆಯೂ ಸರ್ಕಾರದಿಂದ ಉಚಿತ. ಆ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಹಾಗಾಗಿ ಮಕ್ಕಳು ಕಸದ ಬುಟ್ಟಿಗೆ ಎಸೆಯುತ್ತಾರೆ. ಊಟದ ಮೇಲೆ ನುಂಗಬೇಕು. ಆದರೆ ಊಟವೇ ಇಲ್ಲದ ಕಡೆ ಊಟದ ಮೇಲಿನ ಮಾತ್ರೆ ಕೊಡುವುದು ಹೇಗೆ? ಇಲ್ಲಿಯೂ ಮತ್ತೆ ತಟ್ಟೆಯ ಪ್ರಶ್ನೆಯೇ ಎದುರಾಗುತ್ತದೆ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಎಷ್ಟೋ ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಬಾಟಲಿ ಬ್ಯಾಗಿನಲ್ಲಿ ಇರುತ್ತದೆ, ಕುಡಿಯುವುದಿಲ್ಲ. ಯಾಕೆಂದರೆ ಕಾಲೇಜಿನ ಶೌಚಾಲಯಕ್ಕೆ ಹೋಗುವಂತಿಲ್ಲ. ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಇಲ್ಲವೇ ಬೀಗ ಹಾಕಿದೆ. ಉರಿಮೂತ್ರ, ತಲೆನೋವು ಎಂದು ಆಸ್ಪತ್ರೆಗೆ ಹೋದರೆ ‘ಚೆನ್ನಾಗಿ ನೀರು ಕುಡಿಯಮ್ಮ’ ಎನ್ನುತ್ತಾರೆ. ಆರೋಗ್ಯದ ಅಭ್ಯಾಸ ಕಲಿಸುವ ಕಾಲೇಜು ಮೊದಲು ಆ ಚಿಲಕ ಸರಿಮಾಡಿಸಬೇಕು.

ಡಬ್ಬಿ ಬಿಚ್ಚಲು ನಾಚಿಕೆ

ಡಬ್ಬಿ ತರಬಹುದಲ್ಲ ಎಂದು ಕೇಳುವವರಿದ್ದಾರೆ. ತರಬಹುದು. ಆದರೆ ತಂದ ಡಬ್ಬಿಯನ್ನು ಬಿಚ್ಚಲು ನಾಚುವವರೂ ಇದ್ದಾರೆ.

ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಜೋಳದ ರೊಟ್ಟಿ, ಹುರುಳಿಕಾಳಿನ ಪಲ್ಯ ತಂದವರನ್ನು ನೋಡಿ ‘ಏನೋ ಇದು, ಹಳ್ಳಿ ಊಟ’ ಎಂದು ಕಿಚಾಯಿಸುವುದು ಪೇಟೆಯ ಕಾಲೇಜುಗಳಲ್ಲಿ ಇವತ್ತಿಗೂ ಇದೆ. ಮಾಂಸದೂಟ ತಂದ ಮಕ್ಕಳು ಡಬ್ಬಿಯ ಮುಚ್ಚಳವನ್ನು ಅರ್ಧವಷ್ಟೇ ತೆರೆದು ತಿನ್ನುತ್ತಾರೆ. ಯಾರ ಡಬ್ಬಿಯಲ್ಲಿ ಏನಿದೆ ಎಂಬುದರಿಂದ ಯಾರ ಜಾತಿ ಯಾವುದು ಎಂದು ಅಳೆಯುವವರು ಇರುವ ತನಕ ಮಕ್ಕಳಿಗೆ ಬೇಕರಿಯೇ ಸುರಕ್ಷಿತ ಜಾಗವಾಗಿ ಕಾಣುತ್ತದೆ. ಪಫ್ಸಿಗೆ ಜಾತಿಯಿಲ್ಲ, ಊರಿಲ್ಲ. ಈ ಕಾರಣವನ್ನು ಯಾವ ಪೌಷ್ಟಿಕತೆಯ ಭಾಷಣವೂ ಹೇಳುವುದಿಲ್ಲ.

ವಿಚಿತ್ರ ನೋಡಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಬೆಂಗಳೂರಿನ ಮಾಲುಗಳಲ್ಲಿ ರಾಗಿ ಬಿಸ್ಕತ್ತಿನ ಸಣ್ಣ ಪೊಟ್ಟಣಕ್ಕೆ ನೂರಾರು ರೂಪಾಯಿ ಕೊಡುತ್ತಾರೆ. ನಮ್ಮ ಮಕ್ಕಳು ಅದೇ ರಾಗಿಯ ರೊಟ್ಟಿ ತಿನ್ನಲು ಗೋಡೆಯ ಕಡೆ ತಿರುಗಿ ಕೂರುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ, ಬಿಳಿ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಜಿಮ್ಮಿಗೆ ಹೋಗುವ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ಡಬ್ಬದ ಪುಡಿ ತರುತ್ತಾರೆ. ಅವರ ಅಪ್ಪ ಅದೇ ಶೇಂಗಾವನ್ನು ಮಂಡಿಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬಂದಿರುತ್ತಾನೆ.

ಇನ್ನು ಕೂಲ್‌ಡ್ರಿಂಕ್ಸು. ಕಾಲು ಲೀಟರಿನ ಬಾಟಲಿಯಲ್ಲಿ ಸಾಮಾನ್ಯವಾಗಿ 25 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಅಂದರೆ ಐದಾರು ಚಮಚ. ಯಾರಾದರೂ ಟೀಗೆ ಆರು ಚಮಚ ಸಕ್ಕರೆ ಹಾಕಿ ಕೊಟ್ಟರೆ ಉಗಿಯುತ್ತೇವೆ. ತಣ್ಣಗಿದ್ದರೆ ಗೊತ್ತಾಗುವುದಿಲ್ಲ. ಗೋಬಿಯ ಕೆಂಪು ಬಣ್ಣದ ಕಥೆ ನಿಮಗೆ ಗೊತ್ತೇ ಇದೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರವೇ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಪರೀಕ್ಷೆಯಲ್ಲಿ ಬಟ್ಟೆಗೆ ಹಾಕುವಂಥ ಬಣ್ಣ ಸಿಕ್ಕಿತ್ತು.

ಕಾಲೇಜುಗಳಲ್ಲಿ ಜಂಕ್ ಫುಡ್ ಮಾರಬೇಡಿ ಎಂದು ಯುಜಿಸಿ 2016ರಲ್ಲಿ ಹೇಳಿತು, 2018ರಲ್ಲಿ ಮತ್ತೆ ಹೇಳಿತು. ಹೇಳಿದ್ದು ಸರಿ. ಆದರೆ ಮಾರಬೇಡಿ ಎಂದರೆ ಅರ್ಧ ಕೆಲಸ. ಅದರ ಜಾಗದಲ್ಲಿ ಅದೇ ಬೆಲೆಗೆ ಏನು ಮಾರಬೇಕು, ಯಾರು ಮಾರಬೇಕು ಎಂದು ಹಳ್ಳಿ ಮಕ್ಕಳು ಓದುವ ಕಾಲೇಜುಗಳಲ್ಲಿ ಕೂತು ಯೋಚಿಸಿದವರು ಕಡಿಮೆ.

ಓಡುವುದು ಕೆಲಸ ಸಿಗುವ ತನಕ

ಈಗ ಮೈದಾನಕ್ಕೆ ಬರೋಣ.

ಹಳ್ಳಿಯವರಿಗೆ ವ್ಯಾಯಾಮ ಯಾಕೆ, ಹೊಲದ ಕೆಲಸವೇ ಸಾಲದೇ ಎಂಬ ಮಾತು ಹಳೆಯದು. ಈಗ ಬಸ್ಸಿನಲ್ಲಿ ಎರಡು ಗಂಟೆ, ಬೆಂಚಿನಲ್ಲಿ ಆರು ಗಂಟೆ, ರಾತ್ರಿ ಮೊಬೈಲ್ ಹಿಡಿದು ಎರಡು ಗಂಟೆ ಕೂತೇ ಇರುತ್ತಾರೆ. ಹೊಲಕ್ಕೂ ಬೈಕಿನಲ್ಲೇ ಹೋಗುತ್ತೇವೆ. 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ, ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಮೈ ಬೆವರುವಂತೆ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ 150 ನಿಮಿಷ ಅಂದರೆ ಐದು ದಿನ ದಿನಕ್ಕೆ ಅರ್ಧ ಗಂಟೆ, ಅಷ್ಟೇ.

ಬೆಳಗಿನ ಜಾವ ಐದಕ್ಕೆ ನಮ್ಮ ಡಾಂಬರು ರಸ್ತೆಗಳಲ್ಲಿ ಹುಡುಗರು ಓಡುವುದನ್ನು ನೀವೂ ನೋಡಿರುತ್ತೀರಿ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ, ಸೇನೆಗೆ ತಯಾರಿ. 1600 ಮೀಟರ್ ಓಟದ ಗುರಿ. ಅವರ ಛಲಕ್ಕೆ ನಮ್ಮ ನಮಸ್ಕಾರ. ಆದರೆ ಅವರು ಓಡುವುದು ಲಾರಿ ಬರುವ ರಸ್ತೆಯಲ್ಲಿ, ಬರೀ ಹೊಟ್ಟೆಯಲ್ಲಿ, ಸವೆದ ಚಪ್ಪಲಿಯಲ್ಲಿ. ಮೊಣಕಾಲು ನೋವಾದರೆ ಹೇಳಿಕೊಡುವವರಿಲ್ಲ. ಆಯ್ಕೆಯಾದರೆ ಸರಿ, ಆಗದಿದ್ದರೆ ವಯಸ್ಸು ಮೀರಿದ ಮರುದಿನ ಓಟ ನಿಲ್ಲುತ್ತದೆ. ಓಡುವುದು ಕೆಲಸಕ್ಕಾಗಿ ಎಂದು ಕಲಿತವರು ಕೆಲಸ ಸಿಕ್ಕಿದ ಮೇಲೂ ನಿಲ್ಲಿಸುತ್ತಾರೆ, ಸಿಗದಿದ್ದರೂ ನಿಲ್ಲಿಸುತ್ತಾರೆ.

ಹುಡುಗಿಯರ ಪಾಡು ಬೇರೆ. ಹೈಸ್ಕೂಲಿನಲ್ಲಿ ಖೋ ಖೋ ಆಡಿ ತಾಲೂಕು ಮಟ್ಟಕ್ಕೆ ಹೋದವಳು ಪಿಯುಗೆ ಬಂದ ಮೇಲೆ ಮೈದಾನಕ್ಕೆ ಇಳಿಯುವುದಿಲ್ಲ. ‘ದೊಡ್ಡವಳಾದೆ, ಇನ್ನೇನು ಓಟ’ ಎನ್ನುತ್ತಾರೆ ಮನೆಯಲ್ಲಿ. ರಸ್ತೆಯಲ್ಲಿ ಓಡಿದರೆ ಕಣ್ಣುಗಳು ಹಿಂಬಾಲಿಸುತ್ತವೆ. ಸಂಜೆ ಕಾಲೇಜಿನಲ್ಲೇ ಆಡೋಣವೆಂದರೆ ಬಸ್ಸು ತಪ್ಪುತ್ತದೆ. ಎಷ್ಟೋ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದವರಿಲ್ಲ. ಇದ್ದ ಕಡೆ ತಂಡಕ್ಕೆ ಆಯ್ಕೆಯಾದ ಹನ್ನೆರಡು ಮಂದಿ ಆಡುತ್ತಾರೆ, ಉಳಿದ ಮುನ್ನೂರು ಮಂದಿ ಚಪ್ಪಾಳೆ ತಟ್ಟುತ್ತಾರೆ. ಆಟ ಇರಬೇಕಾದದ್ದು ಆ ಮುನ್ನೂರು ಮಂದಿಗೆ.

ನಮ್ಮ ಊರುಗಳಿಗೆ ಇದು ಹೊಸದೇನೂ ಅಲ್ಲ. ಗರಡಿಮನೆ ಇಲ್ಲದ ಊರಿಲ್ಲ ಎನ್ನುವ ಕಾಲವಿತ್ತು. ಅಲ್ಲಿ ಸಾಮು ಮಾಡುವವರು ದಂಡ, ಬಸ್ಕಿ ಹೊಡೆಯುತ್ತಿದ್ದರು, ಜೊತೆಗೆ ಏನು ತಿನ್ನಬೇಕು ಎಂದೂ ಉಸ್ತಾದರಿಂದ ಕಲಿಯುತ್ತಿದ್ದರು. ಊಟವೂ ಸಾಮೂ ಒಂದೇ ಜಾಗದಲ್ಲಿ ಕಲಿಯುವ ವಿದ್ಯೆಯಾಗಿದ್ದವು. ಆ ಗರಡಿಗಳು ಗಂಡಸರಿಗೆ ಮಾತ್ರ ಇದ್ದವು, ಈಗ ಬಹಳ ಕಡೆ ಬೀಗ ಬಿದ್ದಿದೆ. ಬೀಗ ತೆಗೆಯುವುದಾದರೆ ಹೆಣ್ಣುಮಕ್ಕಳಿಗೂ ಒಂದು ಹೊತ್ತು ಗೊತ್ತುಮಾಡಿಯೇ ತೆಗೆಯೋಣ.

‘ನಮ್ಮ ಕಾಲದಲ್ಲಿ...’ ಎನ್ನುವವರಿಗೆ

ಕಾಲೇಜಿಗೆ ಬಂದ ಮೇಲೂ ಊಟ ಹಾಕಬೇಕೇ, ಮೊಬೈಲಿಗೆ ದುಡ್ಡಿದೆ ಊಟಕ್ಕಿಲ್ಲವೇ, ನಾವೆಲ್ಲ ಗಂಜಿ ಕುಡಿದು ಓದಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಗೌರವದಿಂದಲೇ ಉತ್ತರಿಸುತ್ತೇವೆ.

ನಿಮ್ಮ ಕಾಲದಲ್ಲೂ ಯಾರೋ ಊಟ ಹಾಕಿದ್ದರು. ವಾರಾನ್ನ ಎಂದಿತ್ತು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುತ್ತಿದ್ದ. ಅದು ಜಾತಿಯ ಗೆರೆಯೊಳಗೇ ಇತ್ತು, ಎಲ್ಲರಿಗೂ ಸಿಗುತ್ತಿರಲಿಲ್ಲ ಎಂಬುದೂ ನಿಜ. ಆಮೇಲೆ ಉಚಿತ ವಿದ್ಯಾರ್ಥಿನಿಲಯಗಳು ಬಂದವು, ಮಠಗಳ ಪ್ರಸಾದ ನಿಲಯಗಳು ಬಂದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಇವತ್ತಿಗೂ ಉಂಡು ಓದುತ್ತಿದ್ದಾರೆ. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳು ಬಂದವು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ ವಸತಿಗೆ ಹಣ ಸಿಗುತ್ತದೆ. ಅರ್ಜಿ ಹಾಕದವರಿದ್ದರೆ ಈ ಸಲ ತಪ್ಪದೆ ಹಾಕಿ. ಓದುವ ಮಕ್ಕಳಿಗೆ ಊಟ ಹಾಕುವುದು ಈ ನಾಡಿನ ಹಳೆಯ ನಡೆ. ಬಸ್ಸಿನಲ್ಲಿ ಓಡಾಡಿ ಓದುವ ಮಕ್ಕಳು ಮಾತ್ರ ಮನೆಗೂ ಹಾಸ್ಟೆಲಿಗೂ ನಡುವೆ ಬಿಟ್ಟುಹೋಗಿದ್ದಾರೆ.

ಪಕ್ಕದ ಆಂಧ್ರಪ್ರದೇಶ ಇದನ್ನು ಗುರುತಿಸಿದೆ. 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ಜೂನಿಯರ್ ಕಾಲೇಜುಗಳಲ್ಲಿ ಮಧ್ಯಾಹ್ನದ ಊಟ ಶುರುಮಾಡಿದರು. ಜೂನಿಯರ್ ಕಾಲೇಜು ಅಂದರೆ ನಮ್ಮ ಪಿಯು. ಅವರು ಆ ಯೋಜನೆಗೆ ಇಟ್ಟ ಹೆಸರು ಡೊಕ್ಕಾ ಸೀತಮ್ಮನದು. ಗೋದಾವರಿ ಸೀಮೆಯಲ್ಲಿ ಹಸಿದು ಬಂದವರಿಗೆ ಇಲ್ಲವೆನ್ನದೆ ಅನ್ನ ಹಾಕಿದ ತಾಯಿ ಆಕೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಏನು ಮಾಡಬಹುದು

ಸರ್ಕಾರ ಮಾಡಬೇಕಾದದ್ದನ್ನು ಮೊದಲು ಹೇಳುತ್ತೇವೆ. ನಮ್ಮಲ್ಲಿ ಬಹಳ ಕಡೆ ಸರ್ಕಾರಿ ಹೈಸ್ಕೂಲೂ ಪಿಯು ಕಾಲೇಜೂ ಒಂದೇ ಕಾಂಪೌಂಡಿನಲ್ಲಿವೆ. ಅಡುಗೆಮನೆ ಅಲ್ಲೇ ಇದೆ, ಪಾತ್ರೆ ಇದೆ, ಗ್ಯಾಸ್ ಇದೆ. ಮಧ್ಯಾಹ್ನ ಸಾರಿನ ವಾಸನೆ ಪಿಯು ಕೊಠಡಿಯ ತನಕ ಬರುತ್ತದೆ, ಊಟ ಮಾತ್ರ ಬರುವುದಿಲ್ಲ. ಮೊದಲ ಹೆಜ್ಜೆಯಾಗಿ ಇಂಥ ಕಡೆಗಳಲ್ಲಿ ಊಟವನ್ನು ಪಿಯುಗೆ ವಿಸ್ತರಿಸಿ. ಹೊಸ ಕಟ್ಟಡ ಬೇಕಿಲ್ಲ. ಆದರೆ ಅಡುಗೆ ಮಾಡುವ ಅಕ್ಕಂದಿರ ಮೇಲೆ ಹೆಚ್ಚಿನ ಕೆಲಸ ಹೇರಿ ಅದೇ ಗೌರವಧನ ಕೊಡುವುದು ಬೇಡ. ಕೈಗಳೂ ಹೆಚ್ಚಬೇಕು, ಸಂಬಳವೂ ಹೆಚ್ಚಬೇಕು.

ಸರ್ಕಾರಿ ಆದೇಶ ಬರುವ ತನಕ ಕಾಲೇಜು ಕೈಕಟ್ಟಿ ಕೂರಬೇಕಿಲ್ಲ. ಮೊದಲ ಪೀರಿಯಡ್ಡು ಮುಗಿದ ಮೇಲೆ ಹದಿನೈದು ನಿಮಿಷದ ತಿಂಡಿ ಬಿಡುವು ಕೊಡಿ. ಬೆಳಗ್ಗೆ ಆರೂವರೆಗೆ ತಿನ್ನಲಾಗದ ಮಕ್ಕಳು ಹತ್ತೂವರೆಗೆ ತಿನ್ನುತ್ತಾರೆ. ಒಂದು ಕೊಠಡಿಯನ್ನು ಊಟದ ಕೊಠಡಿ ಎಂದು ಮಾಡಿ, ಕುಡಿಯುವ ನೀರು ಇಡಿ, ಅಲ್ಲಿಗೆ ಉಪನ್ಯಾಸಕರೂ ತಮ್ಮ ಡಬ್ಬಿ ತಂದು ಮಕ್ಕಳ ಜೊತೆ ಕೂರಲಿ. ಮೇಷ್ಟ್ರು ರಾಗಿ ರೊಟ್ಟಿ ತಿನ್ನುವುದನ್ನು ನೋಡಿದ ಮೇಲೆ ಯಾರೂ ಯಾರ ಡಬ್ಬಿಯನ್ನೂ ಆಡಿಕೊಳ್ಳುವುದಿಲ್ಲ. ಬಸ್ಸಿಗೆ ತೊಂದರೆಯಾಗದಂತೆ ವಾರಕ್ಕೆ ಎರಡು ಪೀರಿಯಡ್ಡು ಎಲ್ಲರಿಗೂ ಆಟ ಇಡಿ. ಹಗ್ಗದಾಟ, ಕಬಡ್ಡಿ, ಥ್ರೋಬಾಲ್, ಸೂರ್ಯ ನಮಸ್ಕಾರ, ಬರೀ ಬಿರುಸಿನ ನಡಿಗೆ, ಯಾವುದಾದರೂ ಸರಿ. ಹುಡುಗಿಯರಿಗೆ ತಪ್ಪದೆ ಮೈದಾನ ಬಿಟ್ಟುಕೊಡಿ.

ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರು ನಡೆಸುವ ಅಕ್ಕ ಕೆಫೆಗಳನ್ನು ಸರ್ಕಾರವೇ ಶುರುಮಾಡಿದೆ. ತಾಲೂಕು ಕಾಲೇಜಿನ ಒಂದು ಮೂಲೆಯಲ್ಲಿ ನಮ್ಮ ಊರಿನ ಸಂಘದವರಿಗೂ ಬಾಡಿಗೆ ಇಲ್ಲದ ಜಾಗ ಕೊಟ್ಟರೆ ಬೇಯಿಸಿದ ಮೊಟ್ಟೆ, ಉಸಲಿ, ರಾಗಿ ಅಂಬಲಿ, ಮಜ್ಜಿಗೆ, ಶೇಂಗಾ ಉಂಡೆ, ಚಿತ್ರಾನ್ನ ಮಾಡಿ ಮಾರುತ್ತಾರೆ. ಅಕ್ಕಂದಿರಿಗೆ ದುಡಿಮೆ, ಮಕ್ಕಳಿಗೆ ಊಟ. ಗ್ರಾಮ ಪಂಚಾಯಿತಿಗಳು ನರೇಗಾದಲ್ಲಿ ಶಾಲಾ ಮೈದಾನ ಮಾಡಿಸಿದ್ದನ್ನು ನೋಡಿದ್ದೇವೆ. ಆ ಮೈದಾನದಲ್ಲಿ ಒಂದು ದೀಪ ಹಾಕಿಸಿ. ಬೆಳಗಿನ ಜಾವದ ಓಟ ಲಾರಿ ರಸ್ತೆಯಿಂದ ಅಲ್ಲಿಗೆ ಬರುತ್ತದೆ.

ಇನ್ನು ಮನೆಯವರಿಗೆ. ಅಮ್ಮಂದಿರ ತಲೆಗೆ ಇನ್ನೊಂದು ಕೆಲಸ ಕಟ್ಟಲು ನಮಗೆ ಮನಸ್ಸಿಲ್ಲ, ಅಪ್ಪಂದಿರೂ ಅಣ್ಣಂದಿರೂ ಮಾಡಬಹುದಾದದ್ದನ್ನೇ ಹೇಳುತ್ತೇವೆ. ರಾತ್ರಿ ಒಂದು ಹಿಡಿ ಹೆಸರುಕಾಳನ್ನೋ ಕಡಲೆಕಾಳನ್ನೋ ನೆನೆಸಿಡಿ. ಬೆಳಗ್ಗೆ ಅದಕ್ಕೆ ಉಪ್ಪು, ಈರುಳ್ಳಿ, ನಿಂಬೆಹಣ್ಣು ಸೇರಿಸಿದರೆ ಒಲೆಯೇ ಬೇಡ. ಹುರಿದ ಶೇಂಗಾ, ಹುರಿಗಡಲೆ, ಬೆಲ್ಲವನ್ನು ಒಂದು ಪೊಟ್ಟಣ ಕಟ್ಟಿ ಬ್ಯಾಗಿಗೆ ಹಾಕಿ. ಬಸ್ಸಿನಲ್ಲೇ ತಿನ್ನಬಹುದು. ಹಿತ್ತಲ ನುಗ್ಗೆ ಸೊಪ್ಪು ವಾರಕ್ಕೆ ಎರಡು ಸಲ ಸಾರಿಗೋ ರೊಟ್ಟಿಗೋ ಬೀಳಲಿ. ಊಟದ ಜೊತೆ ಟೀ ಬೇಡ, ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಟೀ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಅದೇ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಮತ್ತೊಂದು ಮಾತು: ಮೊಟ್ಟೆ ಒಂದೇ ಇದ್ದರೆ ಅದು ಮಗನಿಗೇ ಹೋಗುವ ಪದ್ಧತಿ ಇನ್ನಾದರೂ ನಿಲ್ಲಲಿ. ರಕ್ತ ಕಡಿಮೆ ಇರುವುದು ಮಗಳಿಗೆ.

ಓದುತ್ತಿರುವ ತಮ್ಮ ತಂಗಿಯರಿಗೆ ನಮ್ಮ ಮಾತು ಚಿಕ್ಕದು. ಸಣ್ಣಗಾಗಬೇಕೆಂದು ಊಟ ಬಿಡಬೇಡಿ, ದಪ್ಪಗಾಗಬೇಕೆಂದು ಪುಡಿ ನುಂಗಬೇಡಿ. ಯಾವ ಮೈಕಟ್ಟೂ ನಗೆಪಾಟಲಿಗೆ ಈಡಾಗಬೇಕಾದದ್ದಲ್ಲ. ಗೋಬಿ ತಿಂದರೆ ಪಾಪ ಸುತ್ತಿಕೊಳ್ಳುವುದಿಲ್ಲ, ತಿಂಗಳಿಗೊಮ್ಮೆ ಗೆಳೆಯರ ಜೊತೆ ತಿನ್ನಿ. ದಿನದ ಊಟದ ಜಾಗಕ್ಕೆ ಅದು ಬರದಿರಲಿ. ನಿಮ್ಮ ಡಬ್ಬಿಯನ್ನು ನಾಲ್ಕು ಜನರ ನಡುವೆ ಇಟ್ಟು ಬಿಚ್ಚಿ, ಹಂಚಿಕೊಂಡು ತಿನ್ನಿ. ಊರಿನ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಜೊತೆಯವರೊಂದಿಗೆ ಇಳಿದು ನಡೆದು ಬರಲು ಆದರೆ ನಡೆದು ಬನ್ನಿ. ಸುಸ್ತು ಹೋಗದಿದ್ದರೆ ಹೆದರದೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಸರ್ಕಾರಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಎಂದಿರುತ್ತದೆ. ಶಾಸಕರು ಅದರಲ್ಲಿರುತ್ತಾರೆ. ಅಲ್ಲಿ ಕಟ್ಟಡದ ಮಾತಾಗುತ್ತದೆ, ಬಣ್ಣದ ಮಾತಾಗುತ್ತದೆ, ವಾರ್ಷಿಕೋತ್ಸವದ ಮಾತಾಗುತ್ತದೆ. ಈ ಸಲದ ಸಭೆಗೆ ಮುಂಚೆ ನಿಮ್ಮ ಊರಿನಿಂದ ಓದಲು ಹೋಗುವ ಮಕ್ಕಳ ಅಪ್ಪ ಅಮ್ಮಂದಿರು ನಾಲ್ಕು ಜನ ಸೇರಿ ಒಂದು ಹಾಳೆಯಲ್ಲಿ ಐದು ಸಾಲು ಬರೆದು ಪ್ರಾಂಶುಪಾಲರ ಕೈಗೆ ಕೊಡಿ. ಮಧ್ಯಾಹ್ನದ ಊಟ, ಬೆಳಗಿನ ತಿಂಡಿ ಬಿಡುವು, ಕುಡಿಯುವ ನೀರು, ಚಿಲಕವಿರುವ ಶೌಚಾಲಯ, ಎಲ್ಲರಿಗೂ ಆಟ. ಕೊಟ್ಟ ಹಾಳೆಗೆ ಸ್ವೀಕೃತಿ ಸಹಿ ಕೇಳಿ ಪಡೆಯಿರಿ. ಮುಂದಿನ ತಿಂಗಳು ಹೋಗಿ ಏನಾಯಿತು ಎಂದು ವಿಚಾರಿಸಿ. ಬಿಸಿಯೂಟವೂ ಹೀಗೆ ಯಾರೋ ಕೇಳಿದ್ದರಿಂದಲೇ ಬಂದದ್ದು.